ಪಾರ್ಕಿನಾಗ ಮೈಮ್ಯಾಲ ಬಂದ ದೇವರು

"ಯವ್ವಾ, ನನ್ನ ಮೊಣಕಾಲು ಯಾವಾಗ ನೆಟ್ಟಗಾಗ್ತದ ಹೇಳು" ಅಂತ ಕೈ ಮುಗಿದು ಕೇಳಿದೆ. ರಾಯಚೂರಿನ ಪಾರ್ಕಿನಾಗ ಆ ಹೆಣ್ಣುಮಗಳು ಅರೆಗಣ್ಣು ಮುಚ್ಚಿ, ಎರಡೂ ಕೈ ಗಾಳಿಯಾಗ ತೇಲಿಸಿ, ನಿಧಾನಕ ಹೆಜ್ಜಿ ಇಡಾಕತ್ತಿದ್ದಳು. ನಮ್ಮ ದೇವದುರ್ಗದ ಕಡೆ ಹಂಗ ಮಾಡಿದರ ಮೈಮ್ಯಾಲ ದೇವರು ಬಂದದ ಅಂತ. ಬಂದಾಗ ಕೇಳಿಕೊಂಡುಬಿಡಬೇಕು. ಬಸ್ಸಿನ ಮೆಟ್ಟಿಲು ಹತ್ತಲಾಗದ, ಊರಿಗೆ ಹೋಗಲಾಗದ, ನಾನು ರಾಯಚೂರಿನಾಗ ಮಗಳ ಮನಿಯಾಗ ಸಿಕ್ಕೊಂಡಿದ್ದೆ.

ಆಕಿ ನಕ್ಕು ನಕ್ಕು ಕೆಳಗ ಕುಂತಳು. "ದೇವರಲ್ರೀ ಯಮ್ಮಾ, ಇದು ತಾಯ್ ಚಿ. ಚೀನಾದವರ ಹೊಡೆದಾಟದ ವಿದ್ಯೆ. ನಾವು ಆರೋಗ್ಯಕ್ಕಂತ ಮಾಡ್ತೀವಿ."

"ಇಷ್ಟು ನಿಧಾನ ಹೊಡದರ, ವೈರಿ ಚಾ ಕುಡದು ಬರ್ತಾನ" ಅಂದೆ.

"ಹಂಗಾದರ ನನ್ನ ದೂಡ್ರಿ ನೋಡೋಣು" ಅಂದಳು. ಜೋರಲೆ ದೂಡಿದೆ. ಆಕಿ ಬರೇ ಸೊಂಟ ತಿರುಗಿಸಿದಳು. ಮುಗ್ಗರಿಸಿದಾಕಿ ನಾನು, ಹಿಡಕೊಂಡಾಕಿ ಆಕಿ. ಮರುದಿನದಿಂದ ಆಕಿ ಹಿಂದ ನಿಂತು ನಾನೂ ಕೈ ಎತ್ತಿದೆ. ಒಂದು ಕಾಲಿನ ಭಾರ ಇನ್ನೊಂದು ಕಾಲಿಗೆ ಮೆಲ್ಲಕ ಇಳಿಸೋದು ಕಲಿತೆ.

ಚಳಿಗಾಲ ಮುಗಿಯೋದರಾಗ ದೇವದುರ್ಗದ ಬಸ್ಸು ಹಂಗ ಮೆಲ್ಲಕ ಕಾಲಿನ ಭಾರ ಬದಲಿಸಿಕೋತ ಹತ್ತಿದೆ, ಯಾರ ಕೈಯೂ ಹಿಡೀಲಿಲ್ಲ. "ಲಗೂ ಹತ್ತಬೇ ಯಮ್ಮಾ" ಅಂತ ಕಂಡಕ್ಟರ್ ಒದರಿದ. "ತಡಿಯಪ್ಪಾ, ಹೊಡೆದಾಟ ನಡದದ" ಅಂದೆ.

ನೋವು ಪೂರಾ ಹೋಗಿಲ್ಲ, ಸುಳ್ಳು ಯಾಕ ಹೇಳಲಿ. ಆದರ ಈಗ ಊರಾಗ ನಮ್ಮ ಅಂಗಳದಾಗ ನಾನು ಕೈ ತೇಲಿಸಿದರ, ಬಾಜೂಮನಿಯಾಕಿ ಬಂದು ಕೈ ಮುಗಿದು, ಮಗಳ ಲಗ್ನ ಯಾವಾಗ ಆಗ್ತದ ಅಂತ ಕೇಳ್ತಾಳ. ಮೊದಲ ನನ್ನ ಜೋಡಿ ನಿಂತು ಕೈ ಎತ್ತು, ಆಮ್ಯಾಲ ಹೇಳ್ತೀನಿ ಅಂತೀನಿ.