ತೂಕಕ್ಕೆ ನಿಲ್ಲುವ ಮೊದಲು

ತೂಕ ತಾನಾಗಿಯೇ ಇಳಿಯತೊಡಗಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಅಂತರರಾಷ್ಟ್ರೀಯ ಅಮೆಚೂರ್ ಬಾಕ್ಸಿಂಗ್ ಚಾಂಪಿಯನ್‌ಶಿಪ್‌ಗೆ ಮಹಿಳೆಯರ ಐವತ್ನಾಲ್ಕು ಕಿಲೋ ವರ್ಗದಲ್ಲಿ ಆಯ್ಕೆಯಾಗಿದ್ದೆ. ನನ್ನ ಮೈಯೋ ಐವತ್ತೇಳರಿಂದ ಕೆಳಗಿಳಿಯಲು ಒಪ್ಪದ ಹಠಮಾರಿ. ಪ್ರತಿ ಪಂದ್ಯಕ್ಕೂ ಊಟ ಬಿಟ್ಟು, ಪ್ಲಾಸ್ಟಿಕ್ ಜಾಕೀಟು ತೊಟ್ಟು ಬೆವರಿಳಿಯುವಂತೆ ಓಡಿ, ನೀರನ್ನೂ ಗುಟುಕು ಗುಟುಕಾಗಿ ಅಳೆದು ಕುಡಿದು ತೂಕಕ್ಕೆ ನಿಲ್ಲುತ್ತಿದ್ದೆ. ಹೊರಗೆ ಅವ್ವ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಕಾಯುತ್ತಿದ್ದಳು. ತೂಕ ಪಾಸಾದ ಮೇಲೆಯೇ ಮುಚ್ಚಳ ತೆಗೆಯಬೇಕು. ಅದು ನಮ್ಮಿಬ್ಬರ ಕರಾರು.

ಈ ಸಲ ರೊಟ್ಟಿ, ಝುಣಕ ಹೊಟ್ಟೆ ತುಂಬ ತಿಂದರೂ ತೂಕ ಇಳಿಯುತ್ತಿತ್ತು. ಕೊಲ್ಹಾಪುರದ ಕೋಚ್ ಸರ್ ಬೆನ್ನು ತಟ್ಟಿದರು. ಮಲಗಿದಾಗ ಬೆವರುತ್ತಿದ್ದೆ, ಪ್ರ್ಯಾಕ್ಟೀಸಿನ ಕಾವು ಅಂದುಕೊಂಡೆ. ಕೆಮ್ಮೂ ಇತ್ತು. ನಮ್ಮ ಇಚಲಕರಂಜಿಯ ಓಣಿಯಲ್ಲಿ ಪವರ್‌ಲೂಮಿನ ಹತ್ತಿಧೂಳಿಗೆ ಯಾರು ತಾನೇ ಕೆಮ್ಮುವುದಿಲ್ಲ?

ಹೊರಡುವ ಮೊದಲು ಮೆಡಿಕಲ್ ಟೆಸ್ಟ್ ಇತ್ತು. ಡಾಕ್ಟರು ಎಕ್ಸ್‌ರೇಯನ್ನು ಬಹಳ ಹೊತ್ತು ನೋಡಿದರು. ಗಡಿಯ ಗಡಹಿಂಗ್ಲಜ ಕಡೆಯವರು, ಮರಾಠಿ ಬಿಟ್ಟು ಕನ್ನಡದಲ್ಲೇ ಕೇಳಿದರು.

"ತೂಕ ಹೆಂಗ ಇಳಿಸಿದಿ?"

ಈ ಸಲ ಒಂದು ಹೊತ್ತಿನ ಊಟವನ್ನೂ ಬಿಟ್ಟಿರಲಿಲ್ಲ.

ಇಳಿಸಿದ್ದು ನಾನಲ್ಲ.

ಕಫದ ಟೆಸ್ಟ್ ಆಯಿತು. ಟಿ.ಬಿ. ಎಂದರು.

"ಮತ್ತ ರಿಂಗಿಗೆ ಹೋಗಾಕ ಆಗ್ತೈತೇನ್ರಿ?"

"ಒಂದೂ ತಪ್ಪಸದಂಗ ಗುಳಿಗಿ ನುಂಗು. ಮೈ ತುಂಬಲಿ. ಆಮ್ಯಾಲ ಮಾತಾಡೂಣು."

ನನ್ನ ಜಾಗದಲ್ಲಿ ಬೇರೊಬ್ಬ ಹುಡುಗಿ ಹೋದಳು. ಅವಳ ಪಂದ್ಯವನ್ನು ಮೊಬೈಲಿನಲ್ಲಿ ನೋಡಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಮೊಬೈಲು ಮುಚ್ಚಿಟ್ಟು ಅಂದಿನ ಗುಳಿಗೆ ನುಂಗಿದೆ. ನನಗೆ ಉಳಿದಿದ್ದ ಪಂದ್ಯ ಅದೊಂದೇ, ಅದನ್ನು ಬಿಟ್ಟುಕೊಡುವವಳಲ್ಲ ನಾನು.

ಬೆಳಗಾದರೆ ಗುಳಿಗೆಯ ವಾಕರಿಕೆ. ಅವ್ವ ಮಾಸ್ಕ್ ಹಾಕಿಕೊಂಡು ನನ್ನೆದುರು ಸ್ಟೂಲ್ ಎಳೆದು ಕೂರುತ್ತಿದ್ದಳು. ತುತ್ತು ಮುಂದೆ ಹಿಡಿದು "ಬಾಯಿ ತೆಗಿ" ಅನ್ನುವಳು. ರೌಂಡುಗಳ ನಡುವೆ ನೀರು ಕುಡಿಸುವ ಕೋಚ್ ಸರ್ ಕೂಡ ಇಷ್ಟು ಜಬರ್ದಸ್ತಿ ಮಾಡಿದವರಲ್ಲ. ವರ್ಷಗಟ್ಟಲೆ ಹಸಿವೆ ಎಂದಾಗಲೆಲ್ಲ ಮೈಯನ್ನು ಗದರಿಸಿ ಸುಮ್ಮನಾಗಿಸಿದ್ದ ನಾನು, ಅದು ಒಮ್ಮೆ ಹಸಿವೆ ಎನ್ನಲಿ ಎಂದು ದಿನವಿಡೀ ಕಾಯತೊಡಗಿದೆ.

ಒಂದು ದಿನ ಅಂದಿತು; ನಾನಾಗಿಯೇ ರೊಟ್ಟಿ ಕೇಳಿದೆ. ಅವ್ವ ಒಲೆಯ ಮುಂದೆ ಅತ್ತುಬಿಟ್ಟಳು.

ಕಳೆದ ವಾರ ತಪಾಸಣೆಗೆ ಕೊಲ್ಹಾಪುರಕ್ಕೆ ಹೋಗಿದ್ದೆವು. ಆಸ್ಪತ್ರೆಯ ಬೆಂಚಿನ ಮೇಲೆ ಅವ್ವ ಡಬ್ಬಿಯ ಮುಚ್ಚಳ ತೆಗೆದಳು.

"ಅವ್ವಾ, ಇನ್ನ ತೂಕ ಆಗಿಲ್ಲ!"

"ಅದಕ್ಕ ತಿನ್ನು ಅನ್ನಾಕತ್ತೇನಿ."

ತಿಂದೆ. ರೂಢಿಯಂತೆ ಚಪ್ಪಲಿ ಬಿಡಹೋದರೆ ಅವ್ವ ಗದರಿಸುವಂತೆ ಕಣ್ಣು ಬಿಟ್ಟಳು. ಹಾಗೆಯೇ ತೂಕದ ಯಂತ್ರ ಹತ್ತಿ ನಿಂತೆ.

ಐವತ್ತೇಳು.

"ಭರ್ತಿ ಆಗೈತ್ರಿ!" ಅವ್ವ ಕೂಗಿದ ರಭಸಕ್ಕೆ ಸಾಲಿನಲ್ಲಿದ್ದವರೆಲ್ಲ ತಿರುಗಿದರು.

"ಹೋಳಿಗಿ ತೂಕ ಕಳದ ಬರಕೊಳ್ಳಲೇನ್ರಿ?" ಡಾಕ್ಟರು ನಕ್ಕರು. ಆಮೇಲೆ ನನ್ನತ್ತ ತಿರುಗಿ, "ಗುಳಿಗಿ ಇನ್ನೂ ಮುಗದಿಲ್ಲ, ಬಿಡಬ್ಯಾಡ. ಸಾವಕಾಶ ಓಡೂದು ಸುರು ಮಾಡು," ಎಂದರು.

ಕೋಚ್ ಸರ್‌ಗೆ ಫೋನ್ ಮಾಡಿದೆ. ಇನ್ನು ಐವತ್ತೇಳರ ವರ್ಗದಲ್ಲೇ ಆಡು ಎಂದರು.

ಆಡುತ್ತೇನೆ. ಶ್ವಾಸಕೋಶ ಎಷ್ಟು ಸಾಥ್ ಕೊಡುತ್ತದೋ ಗೊತ್ತಿಲ್ಲ. ಆದರೆ ತೂಕಕ್ಕೆ ನಿಲ್ಲುವುದು ಮಾತ್ರ ಇನ್ನು ಉಂಡ ಮೇಲೆಯೇ.