ಶಂಖಕ್ಕೆ ಸುಣ್ಣ ಬಳಿಯುವ ಅಥೆಲ್ಡಾ

ಬೆಳಗಿನ ಐದೂವರೆ. ಕೆರಿಬಿಯನ್ ಸಮುದ್ರದ ಕ್ಯಾರಿಯಾಕೂ ದ್ವೀಪದ ಹಳೆಯ ಹತ್ತಿ ತೋಟದ ಹಿಂದೆ ಅಥೆಲ್ಡಾ ಕಜೋ ಮಂಡಿಯೂರಿ ಕೂತಿದ್ದಾರೆ. ಪಕ್ಕದಲ್ಲಿ ಸುಣ್ಣ, ಕೈಯಲ್ಲಿ ತೆಂಗಿನ ನಾರಿನ ಕುಂಚ, ಮುಂದೆ ದೊಡ್ಡದೊಂದು ಶಂಖ. ಅದರ ಕೆಳಗೆ ಮಲಗಿರುವವರ ಹೆಸರು ಯಾರಿಗೂ ಗೊತ್ತಿಲ್ಲ. ಗುಲಾಮರಾಗಿ ಸತ್ತವರಿಗೆ ತೋಟದ ಯಜಮಾನ ಕಲ್ಲು ನೆಡಲಿಲ್ಲ. ಅವರ ಜನವೇ ಸಮುದ್ರದಿಂದ ಶಂಖ ತಂದಿಟ್ಟರು.

ಯಜಮಾನನ ಗೋರಿಯೂ ಇಲ್ಲೇ ಇದೆ. ಕಬ್ಬಿಣದ ಬೇಲಿ, ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದ ಅಮೃತಶಿಲೆ, ಅದರ ಮೇಲೆ ಹನ್ನೆರಡು ಸಾಲಿನ ಹೊಗಳಿಕೆ. "ಅವನಿಗ್ಯಾಕೆ ನನ್ನ ಸುಣ್ಣ? ಹೊಗಳೋಕೆ ಕಲ್ಲೇ ಇದೆಯಲ್ಲ!" ಎಂದು ಅಥೆಲ್ಡಾ ನಗುತ್ತಾರೆ.

ಅರವತ್ತೆಂಟರ ಈಕೆ ಊರಿಗೆಲ್ಲ ಅತ್ತೆ. ಬೆಳಗ್ಗೆ ಎಂಟು ಗಂಟೆಯ ಮೇಲೆ ಶಾಲೆಯ ಅಡುಗೆಮನೆಯಲ್ಲಿ ತೊಗರಿಕಾಳು ಬೇಯಿಸುವ ಕೆಲಸ. ಮೂವತ್ತೊಂದು ವರ್ಷದಿಂದ, ಸತ್ತವರನ್ನು ನೆನೆಯುವ ನವೆಂಬರಿನ ಸಂತರ ಹಬ್ಬಕ್ಕೆ ಮುಂಚೆ, ಇಲ್ಲಿನ ಶಂಖಗಳಿಗೆಲ್ಲ ಇವರದೇ ಸುಣ್ಣ. ಯಾರೂ ಹೇಳಿದ್ದಲ್ಲ. ಸುಣ್ಣಕ್ಕೆ ಬೆರಳೆಲ್ಲ ಬಿರುಕು ಬಿಟ್ಟಿವೆ.

ಹೋದ ವರ್ಷ ರಸ್ತೆ ಅಗಲಿಸಲು ಬಂದ ಪರದೇಶದ ಕೂಲಿಗಳು, ಮೀನುಗಾರರು ಬಿಸಾಡಿದ ಚಿಪ್ಪೆಂದುಕೊಂಡು ನಲವತ್ಮೂರು ಶಂಖಗಳನ್ನೂ ಗುಡ್ಡೆ ಹಾಕಿಬಿಟ್ಟರು. ನಕ್ಷೆಯಲ್ಲಿದ್ದದ್ದು ಯಜಮಾನನ ಗೋರಿಯೊಂದೇ. "ಉಳಿದ ಗೋರಿಗಳು ಎಲ್ಲಿವೆ ತೋರ್ಸಿ ಅತ್ತೆ. ಇಲ್ಲಾಂದ್ರೆ ಸೋಮವಾರ ಯಂತ್ರ ಇಳಿಯತ್ತೆ" ಎಂದರು ಸರ್ವೆಯರ್ ನೋಯೆಲ್.

ನಮ್ಮ ದ್ವೀಪದ ಡೋಲು ಕುಣಿತದಲ್ಲಿ ಆಫ್ರಿಕಾದಿಂದ ಬಂದ ಕುಲಗಳಿಗೆ ಒಂದು ಕ್ರಮವಿದೆ: ಮೊದಲು ಕ್ರೊಮಾಂಟಿ ಕುಲದ ಹಾಡು, ಆಮೇಲೆ ಇಗ್ಬೊ, ಆಮೇಲೆ ಮಾಂಡಿಂಗ್. ಈ ತೋಟದಲ್ಲಿ ಹೂತದ್ದೂ ಅದೇ ಸಾಲಿನಲ್ಲಿ. ಅಥೆಲ್ಡಾ ಹಾಡುತ್ತ ನಡೆದರು. ಒಂದೊಂದು ಸೊಲ್ಲಿಗೆ ಒಂದೊಂದು ಶಂಖ ಇಟ್ಟರು. ಹಿಂದಿನಿಂದ ನೋಯೆಲ್ ಸಣ್ಣ ಕಂಬಿ ಚುಚ್ಚುತ್ತ ಬಂದರು. ಇಲ್ಲಿಯದು ಕಲ್ಲುನೆಲ, ಅಗೆದು ಮುಚ್ಚಿದಲ್ಲಿ ಮಾತ್ರ ಕಂಬಿ ಇಳಿಯುತ್ತದೆ. ನಲವತ್ಮೂರಕ್ಕೆ ನಲವತ್ಮೂರು ಕಡೆಯೂ ಇಳಿಯಿತು. ಅಲ್ಲೇ ನಿಂತು ನಾನೂ ಎಣಿಸಿದೆ. ರಸ್ತೆ ಪಕ್ಕಕ್ಕೆ ಸರಿಯಿತು.

ಆದರೆ ಕಂಬಿ ಶಂಖವೇ ಇಲ್ಲದ ಇನ್ನೊಂದು ಕಡೆಯೂ ಇಳಿಯಿತು. ಎರಡು ಮೊಳದ ಜಾಗ, ಮಗುವಿನದು. ಅಥೆಲ್ಡಾ ದಣಿದಾಗ ಕೂರುತ್ತಿದ್ದುದು ಅಲ್ಲೇ.

"ಮೂವತ್ತು ವರ್ಷ ಆ ಕೂಸಿನ ಮೇಲೆ ಕೂತು ರೊಟ್ಟಿ ತಿಂದಿದೀನಿ ಕಣಪ್ಪ. ಒಂದ್ಸಲಾನೂ ಅಳ್ಲಿಲ್ಲ ಅದು" ಎನ್ನುತ್ತಾರೆ. ಈಗ ಅಲ್ಲೊಂದು ಪುಟ್ಟ ಶಂಖವಿದೆ. ಸುಣ್ಣ ಶುರುವಾಗುವುದೇ ಅದರಿಂದ.

ನಿಮಗೇನು ಆಸೆ ಎಂದು ಕೇಳಿದೆ.

"ಸನ್ಮಾನ ಗಿನ್ಮಾನ ಬೇಡಪ್ಪ. ಬಸ್ಸಲ್ಲಿ ಹೋಗೋರು ಇವನ್ನ ಎಣಿಸ್ಲಿ. ನಲವತ್ನಾಲ್ಕು ಬರ್ಬೇಕು."