‘ಇಲ್ಲೇ’ ಎಂದರೆ ಗೋಲು

ನನ್ನ ಅಕ್ಕನ ಮಗ ರಾಮಲಿಂಗ ಒಂದು ಬೆಳಿಗ್ಗೆ ದೋಸೆ ತಿನ್ನುತ್ತಾ ಕನ್ನಡ ಬಿಟ್ಟುಬಿಟ್ಟ.

ಜನ ನಶ್ಯ ಬಿಡುತ್ತಾರೆ, ಕಾಫಿ ಬಿಡುತ್ತಾರೆ (ನಾನೂ ಎರಡನ್ನೂ ಬಿಟ್ಟಿದ್ದೇನೆ, ಹಲವು ಬಾರಿ). ಆದರೆ ಮನೆಮಾತನ್ನು ಬಿಡುವುದುಂಟೇ? ಇವನು ಬಿಟ್ಟ. ತಟ್ಟೆಯಿಂದ ತಲೆಯೆತ್ತದೆ ನನ್ನ ತಾಯಿಗೆ, ಅಂದರೆ ತನ್ನ ಅಜ್ಜಿಗೆ, ಹೇಳಿದ:

"ಅಜ್ಜಿ, ಫೈನಲ್ ಮುಗಿಯಾಗಂಟ ನನ್ನತ್ರ ತಮಿಳಲ್ಲೇ ಪೇಸು. ನಾನೂ ಕನ್ನಡ ಮಾತಾಡಲ್ಲ."

ಅಮ್ಮ ಕೈಯಲ್ಲಿ ದೋಸೆ ಮಗುಚುವ ಸಟ್ಟುಗ ಹಿಡಿದು ಹಾಗೇ ನಿಂತರು. "ಯಾಕ್ ಸಾಮಿ? ಕನ್ನಡ ನಿಂಗೆ ಏನ್ ಮಾಡ್ತು?"

"ಗೋಲ್ ಕೆಡಿಸ್ತು."

ಹೊಸ ಓದುಗರಿಗಾಗಿ ಹೇಳಿಬಿಡುತ್ತೇನೆ. ನಮ್ಮದು ಕೊಯಮತ್ತೂರಿನಲ್ಲಿ ತಲೆತಲಾಂತರದಿಂದ ನೆಲೆಸಿದ ಕನ್ನಡದ ಮನೆ. ನಾನು ವಕೀಲ. ಕೋರ್ಟಿನಲ್ಲಿ ವಾದಿಸುವುದು ಇಂಗ್ಲಿಷಿನಲ್ಲಿ, ಕಕ್ಷಿಗಾರರ ಜೊತೆ ಹೆಣಗುವುದು ತಮಿಳಿನಲ್ಲಿ, ಸಾರಿಗೆ ಉಪ್ಪು ಕಡಿಮೆ ಎನ್ನುವುದು ಮಾತ್ರ ಕನ್ನಡದಲ್ಲಿ. ಕನ್ನಡದ ಅಕ್ಷರಗಳನ್ನು ನನಗೆ ಕಲಿಸಿದವಳು ದೊಡ್ಡಬಳ್ಳಾಪುರದಿಂದ ಮದುವೆಯಾಗಿ ಬಂದ ನನ್ನ ಹೆಂಡತಿ. (ಈ ಅಂಕಣ ಶುರುವಾದ ಮೇಲೆ ಆಕೆ ಅದಕ್ಕಾಗಿ ಪಶ್ಚಾತ್ತಾಪ ಪಟ್ಟದ್ದುಂಟು.) ಅಮ್ಮನಿಗೆ ಅಕ್ಷರ ಬಾರದು. ಅವರ ಕನ್ನಡ ಇರುವುದೆಲ್ಲ ನಾಲಗೆಯ ಮೇಲೆ. ಮಾತಾಡುವವರಿದ್ದರೆ ಉಂಟು, ಇಲ್ಲದಿದ್ದರೆ ಅದನ್ನು ಇಟ್ಟುಕೊಳ್ಳಲು ಅವರಿಗೆ ಬೇರೆ ಜಾಗವಿಲ್ಲ.

ರಾಮಲಿಂಗ ಹುಟ್ಟಿ ಬೆಳೆದದ್ದು ಹತ್ತಿರದ ನೇಕಾರರ ಊರು ನೆಗಮದಲ್ಲಿ, ಮಗ್ಗದ ಮನೆಯಲ್ಲಿ. ಅವನು ಫುಟ್‌ಬಾಲ್ ಕಲಿತದ್ದು ಅಲ್ಲಿಯ ನಮ್ಮವರ ಬೀದಿಯಲ್ಲಿ, ಕಡಿದು ಬಿದ್ದ ನೂಲನ್ನು ಉಂಡೆ ಕಟ್ಟಿದ ಚೆಂಡಿನಲ್ಲಿ. ಆ ಬೀದಿಯ ಹುಡುಗರೆಲ್ಲ ಮನೆಯಲ್ಲಿ ಕನ್ನಡದವರು. ಚೆಂಡು ಬೇಕಾದವನು "ಇಲ್ಲೇ, ಇಲ್ಲೇ" ಎಂದು ಕೂಗುತ್ತಿದ್ದ. ಈಗ ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಾನೆ, ಕಾಲೇಜ್ ಟೀಮಿನಲ್ಲಿ ಎಡ ಅಂಚಿನಲ್ಲಿ ಓಡುವ ಲೆಫ್ಟ್ ಔಟ್ ಆಗಿ ಆಡುತ್ತಾನೆ. ತಮಿಳು ನೀರು ಕುಡಿದ ಹಾಗೆ ಬರುತ್ತದೆ. ಆದರೆ ಎದುರಿಗೆ ಗೋಲು ಕಂಡಾಗ ಯಾರ ಬಾಯಿಂದ ಯಾವ ಮಾತು ಬರುತ್ತದೆಂದು ಯಾರು ಬಲ್ಲರು?

ಸೆಮಿಫೈನಲ್‌ನಲ್ಲಿ ಬಂದದ್ದು ನೆಗಮದ ಬೀದಿಯ ಮಾತು. ಇವನ ಸುತ್ತ ಒಬ್ಬ ಎದುರಾಳಿಯೂ ಇಲ್ಲ. ಚೆಂಡು ಕ್ಯಾಪ್ಟನ್ ದೊರೈಸಾಮಿಯ ಕಾಲಲ್ಲಿ. ಇವನು ಕೈಯೆತ್ತಿ "ಇಲ್ಲೇ! ಇಲ್ಲೇ!" ಎಂದು ಕಿರುಚಿದ.

ದೊರೈಸಾಮಿ ಅನ್ನೂರಿನ ಹುಡುಗ, ತಮಿಳಿನವನು. ತಮಿಳಿನಲ್ಲಿ ‘ಇಲ್ಲೆ’ ಎಂದರೆ ‘ಇಲ್ಲ’. ಒಂದು ದೀರ್ಘದ ವ್ಯತ್ಯಾಸ. ಓಡುತ್ತಾ ಕೂಗುವವನ ಬಾಯಲ್ಲಿ ಆ ದೀರ್ಘ ಎಲ್ಲಿ ನಿಲ್ಲುತ್ತದೆ? ಇವನಿಗೆ ಚೆಂಡು ಬೇಡವಂತೆ ಎಂದುಕೊಂಡು ದೊರೈಸಾಮಿ ಬಲಕ್ಕೆ ತಿರುಗಿದ, ನೇರ ಎದುರಾಳಿಗಳ ನಡುವೆ ಹೋಗಿ ಚೆಂಡು ಕಳೆದುಕೊಂಡ.

ಆಟವನ್ನು ಹೇಗೋ ಗೆದ್ದರು. ಆದರೆ ವಿಷಯ ತಿಳಿದ ಮೇಲೆ ಇಡೀ ಟೀಮ್ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಕಾಲೇಜಿನಲ್ಲಿ ಇವನ ಹೆಸರೇ ‘ಇಲ್ಲೆ’. ಕ್ಯಾಂಟೀನಿನಲ್ಲಿ "ಎನ್ನಡಾ ಇಲ್ಲೆ, ಕಾಫಿ ವೇಣುಮಾ?", ಬೇಕಾ ಅಂತ. ಪ್ರಾಕ್ಟೀಸಿನಲ್ಲಿ ಪಾಸ್ ಕೊಡುವಾಗೆಲ್ಲ ಬೇಕೆಂದೇ ಒಬ್ಬರಿಗೊಬ್ಬರು "ಇಲ್ಲೇ, ಇಲ್ಲೇ" ಎಂದು ಅಣಕಿಸುವುದು. ಆಟದ ಮೇಷ್ಟರು ಮಾತ್ರ ನಗಲಿಲ್ಲ. ಬಾಯಿ ಪಳಗದಿದ್ದರೆ ಫೈನಲ್‌ಗೆ ಬೇರೆ ಹುಡುಗನನ್ನು ಹಾಕುತ್ತೇನೆ ಎಂದರಂತೆ.

ಅದಕ್ಕೇ ಈ ವ್ರತ. ಮನೆಯಲ್ಲಿ ಕನ್ನಡ ನಿಲ್ಲಿಸಿದರೆ ಮೈದಾನದಲ್ಲೂ ನಿಲ್ಲುತ್ತದೆ ಎಂಬುದು ಅವನ ಲೆಕ್ಕ. ಚಟ್ನಿ ಎಲ್ಲಿ ಹಾಕಲಿ ಎಂದರೆ "ಇಂಗ" ಎನ್ನುತ್ತಿದ್ದ. ಇಲ್ಲಿ ಎನ್ನುವುದಕ್ಕೆ ತಮಿಳು. ಮೊದಲ ದಿನ ಅಮ್ಮ ತಮಾಷೆ ಮಾಡಿದರು: "ಇಂಗಾ? ಇಂಗು ರಸಕ್ಕೆ ಆಕಿದೀನಲ್ಲ ಸಾಮಿ." ಅವನು ನಗಲಿಲ್ಲ. ಮರುದಿನದಿಂದ ಅಮ್ಮನೂ ತಮಾಷೆ ಬಿಟ್ಟರು.

ಅಮ್ಮನ ತಮಿಳೇನೂ ಕಮ್ಮಿಯಲ್ಲ, ತರಕಾರಿಯವಳು ಕೈ ಮುಗಿಯುವಂಥದ್ದು. ಆದರೆ ಆ ತಮಿಳಿನಲ್ಲಿ ಮೊಮ್ಮಗನನ್ನು ಮುದ್ದಾಡಿ ಅವರಿಗೆ ರೂಢಿಯಿಲ್ಲ. ಬೇಕೇ, ಸಾಕೇ, ಹೊತ್ತಾಯಿತು, ಇಷ್ಟರಲ್ಲೇ ಅಜ್ಜಿ ಮೊಮ್ಮಗನ ಮಾತು ಮುಗಿಯುತ್ತಿತ್ತು. ಒಂದು ಸಂಜೆ ನನ್ನನ್ನು ಕೇಳಿದರು:

"ಮ್ಯಾಚ್ ಮುಗಿದ್ರೆ ಇವ್ನು ಕನ್ನಡಕ್ಕೆ ತಿರುಗಿ ಬತ್ತಾನಾ? ಇಲ್ಲಾಂದ್ರೆ ಅಂಗೇ ಓಗ್ಬುಡ್ತಾನಾ?"

ನಾನು ನಕ್ಕುಬಿಟ್ಟೆ. ನಕ್ಕ ಮೇಲೆ ನೆನಪಾಯಿತು. ನಮ್ಮ ಚಿಕ್ಕಪ್ಪನ ಮಕ್ಕಳೂ ಹೀಗೇ ಪರೀಕ್ಷೆ ಮುಗಿಯುವ ತನಕ ಎಂದು ಕನ್ನಡ ಬಿಟ್ಟವರು. ಪರೀಕ್ಷೆಗಳು ಮುಗಿದು ಅವರಿಗೆ ಮಕ್ಕಳೂ ಆದವು. ಆ ಮಕ್ಕಳಿಗೆ ಅಮ್ಮ ಕಥೆ ಹೇಳಿದರೆ ಅರ್ಧದಲ್ಲೇ ಎದ್ದು ಹೋಗುತ್ತವೆ.

ಇದೇ ಹೊತ್ತಿಗೆ ನನ್ನ ಹೆಂಡತಿಯ ಅಣ್ಣ ಚೌಡಪ್ಪನವರು ದೊಡ್ಡಬಳ್ಳಾಪುರದಿಂದ ನೂಲು ಕೊಳ್ಳಲು ಬಂದಿಳಿದರು. ಕನ್ನಡನಾಡು ಆಗಷ್ಟೇ ಒಂದಾದ ಸಂತೋಷ ಅವರ ಪೇಟದಿಂದ ಚಪ್ಪಲಿಯವರೆಗೆ ತುಂಬಿತ್ತು. ನಮ್ಮ ಹುಡುಗ ತಮಿಳಿನಲ್ಲಿ ನೀರು ಕೇಳಿದ್ದನ್ನು ಕೇಳಿ ಅವರ ಮುಖ ಸಣ್ಣಗಾಯಿತು.

"ನಾವೆಲ್ಲ ಒಂದು ರಾಜ್ಯ ಆದೆವು ಭಾವ. ನೀವು ಈ ಕಡೆಯೇ ಉಳಿದುಬಿಟ್ಟಿರಿ. ಈಗ ನೀವು ಎಲ್ಲಿಯವರು ಅಂತ ಹೇಳೋದು?"

ಉತ್ತರ ಹೊಳೆಯದಿದ್ದರೆ ವಕೀಲ ಏನು ಮಾಡುತ್ತಾನೆ? ವಾಯಿದೆ ಕೇಳುತ್ತಾನೆ. "ಬನ್ನಿ, ಮ್ಯಾಚಿಗೆ ಹೊತ್ತಾಯಿತು" ಎಂದೆ.

ಮೈದಾನದ ಸುತ್ತ ಜನವೋ ಜನ. ಎದುರಾಳಿಗಳು ಮದರಾಸಿನ ಕಾಲೇಜಿನವರು, ಎಲ್ಲರ ಕಾಲಿಗೂ ಬೂಟು. ನಮ್ಮವರಲ್ಲಿ ಅರ್ಧ ಜನ ಬರಿಗಾಲು. ಹಾಫ್ ಟೈಮಿನ ಮೊದಲೇ ಅವರದೊಂದು ಗೋಲು. ಹಾಫ್ ಟೈಮಾದ ಮೇಲೆ ದೊರೈಸಾಮಿ ತಲೆಯಿಂದ ಒಂದು ಹೊಡೆದು ಸಮ ಮಾಡಿದ. ನಾನು ಆಗಲೇ ಕೊಡೆಯನ್ನು ಮುಂದಿನವರ ಬೆನ್ನಿಗೆ ತಿವಿದು ಎರಡು ಸಲ ಕ್ಷಮೆ ಕೇಳಿದ್ದೆ.

ನಮ್ಮ ರಾಮಲಿಂಗ? ಮರದ ಗೊಂಬೆ. "ಇಂಗ, ಇಂಗ" ಎಂದು ಪಾಠ ಒಪ್ಪಿಸುವವನ ಹಾಗೆ ಕೂಗುತ್ತಿದ್ದ. ಕೂಗುವ ಮೊದಲು ಒಂದು ಕ್ಷಣ ಯೋಚಿಸುವುದು ದೂರಕ್ಕೂ ಕಾಣುತ್ತಿತ್ತು. ಅಷ್ಟರಲ್ಲಿ ಯಾರೋ ಅಡ್ಡ ಬಂದಿರುತ್ತಿದ್ದರು. ಚೆಂಡಿಗಿಂತ ಮೊದಲು ವ್ಯಾಕರಣ ಬಂದರೆ ಆಟ ಹೇಗೆ ನಡೆದೀತು? ನನ್ನ ಹಿಂದೆ ಯಾರೋ "ಆ ಲೆಫ್ಟ್ ಔಟನ್ನ ತೂಕ್ಕುಂಗಪ್ಪಾ" ಎಂದರು, ತೆಗೆದುಹಾಕಿ ಅಂತ. ನನಗೆ ಅಳುವೇ ಬಂದ ಹಾಗಾಯಿತು.

ಆಟ ಮುಗಿಯುತ್ತ ಬಂದಿತ್ತು. ರೆಫರಿ ಗಡಿಯಾರ ನೋಡಿದರು. ದೊರೈಸಾಮಿ ಮಧ್ಯದಲ್ಲಿ ಚೆಂಡು ಹಿಡಿದ. ಎಡಗಡೆ ರಾಮಲಿಂಗ ಓಡುತ್ತಿದ್ದಾನೆ, ಅವನ ಪಕ್ಕದಲ್ಲೇ ಅವನನ್ನು ತಡೆಯಲು ನಿಂತ ಮದರಾಸಿನ ಬ್ಯಾಕ್. ಆಗ ಆ ಹುಡುಗನ ವ್ರತ, ಅಭ್ಯಾಸ, ಮೇಷ್ಟರ ಭಯ ಎಲ್ಲ ಹಾರಿಹೋಯಿತು. ಎದೆ ಬಿರಿಯುವ ಹಾಗೆ ಕೂಗಿದ:

"ಇಲ್ಲೇ! ಇಲ್ಲೇ!"

ಮದರಾಸಿನ ಬ್ಯಾಕ್ ತಮಿಳಿನವನು. ಏನು ಅಂದುಕೊಂಡನೋ ದೇವರೇ ಬಲ್ಲ. ಇವನಿಗೆ ಚೆಂಡು ಬೇಡವೆಂದು ಇವನನ್ನು ಬಿಟ್ಟು ಬಲಕ್ಕೆ ಓಡಿದ, ಸೆಮಿಫೈನಲ್‌ನಲ್ಲಿ ದೊರೈಸಾಮಿ ತಿರುಗಿದ ಹಾಗೆಯೇ. ಆದರೆ ಇಂದು ದೊರೈಸಾಮಿ ತಿರುಗಲಿಲ್ಲ. ಅಣಕಿಸಿ ಅಣಕಿಸಿ ಅವನಿಗೆ ಆ ಮಾತು ಬಾಯಿಪಾಠವಾಗಿತ್ತು. ಇಡೀ ಟೀಮಿಗೂ ಆಗಿತ್ತು. ‘ಇಲ್ಲೇ’ ಎಂದರೆ ರಾಮಲಿಂಗನ ಕಾಲು. ಚೆಂಡು ಅಲ್ಲಿಗೇ ಬಂತು. ಒಂದೇ ಹೊಡೆತ.

ಗೋಲ್!

ಆಮೇಲೆ ನನ್ನ ಕೊಡೆ ಎಲ್ಲಿ ಹೋಯಿತೋ ಇವತ್ತಿನವರೆಗೂ ಸಿಕ್ಕಿಲ್ಲ. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತರು. ಮೈದಾನವೆಲ್ಲ "ಇಲ್ಲೇ! ಇಲ್ಲೇ!" ಎಂದು ಕೂಗಿತು. ಚೌಡಪ್ಪನವರು ಕತ್ತು ಚಾಚಿ "ಎಲ್ಲಿ? ಎಲ್ಲಿ?" ಎಂದು ಹುಡುಕುತ್ತಿದ್ದರು, ಪಾಪ.

ಹುಡುಗರ ಹಿಂಡು ನಮ್ಮ ಬೀದಿಗೆ ಬರುವಾಗ ಕತ್ತಲಾಗುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತಿದ್ದರು. ಅಷ್ಟು ತಲೆಗಳ ನಡುವೆ ಮೊಮ್ಮಗ ಕಾಣಲಿಲ್ಲ. ಎಲ್ಲಿದ್ದೀಯೋ ಎಂದು ಒಪ್ಪಂದದಂತೆ ತಮಿಳಿನಲ್ಲೇ ಕೂಗಿ ಕೇಳಿದರು: "ರಾಮಲಿಂಗಾ, ಎಂಗಡಾ ಇರುಕ್ಕೇ?"

ಗುಂಪಿನ ಒಳಗಿಂದ ಕೂಗಿ ಕೂಗಿ ಒಡೆದ ದನಿ ಬಂತು. "ಇಲ್ಲೇ ಇವ್ನಿ, ಅಜ್ಜಿ!"

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಸೆಕೆ ಎಂದರು. (ಸೆಕೆ ಇರಲಿಲ್ಲ.) ದೊರೈಸಾಮಿ ಪಡಸಾಲೆಯಲ್ಲಿ ಚಾಪೆ ತೋರಿಸಿ, "ಪಾಟೀ, ನಾನ್ ಇಲ್ಲೇ ಉಕ್ಕಾರಟ್ಟುಮಾ?" ಎಂದ. ಅಜ್ಜಿ, ಕೂರಲೇ ಎಂದು ಕೇಳಿದ್ದು ತಮಿಳು, ನಡುವೆ ನಮ್ಮದೊಂದು ಮಾತು. ಅಮ್ಮ ಎಷ್ಟೋ ದಿನದ ಮೇಲೆ ಬಾಯಿತುಂಬ ನಕ್ಕರು. "ಕೂತ್ಕೋ ಸಾಮಿ. ಎಲ್ರೂ ಕೂತ್ಕೊಳ್ಳಿ. ದೋಸೆ ಉಯ್ತೀನಿ." ಅಣಕವೂ ಒಂದೊಂದು ಸಲ ಮಾತು ಕಲಿಸುತ್ತದೆ ನೋಡಿ. ಅಣಕಿಸಿದವನು ಆ ಮಾತಿನಲ್ಲೇ ಕೂತು ಉಂಡರೆ ಅದನ್ನು ಅಣಕವೆನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಮರುದಿನ ಚೌಡಪ್ಪನವರನ್ನು ರೈಲು ಹತ್ತಿಸಲು ಹೋಗಿದ್ದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಮತ್ತೆ ಕೇಳಿದರು: "ನನ್ನ ಪ್ರಶ್ನೆಗೆ ನೀವು ಉತ್ತರ ಕೊಡಲೇ ಇಲ್ಲ ಭಾವ. ಈಗ ನೀವು ಎಲ್ಲಿಯವರು?"

ರೈಲು ಹೊರಟಿತ್ತು. ನಾನು ಕೈಯೆತ್ತಿ ಕೂಗಿದೆ: "ಇಲ್ಲೇ!"

ಅವರಿಗೆ ಅದು ಯಾವ ಭಾಷೆಯಲ್ಲಿ ಕೇಳಿಸಿತೋ?